ಅಳತೆಗೆ ಬಾರದ ಚೆಂಡು

ನನ್ನ ಹೆಂಡತಿ ಯಾವ ವಸ್ತುವನ್ನೂ ಕೈಗೆ ಕೊಡುವವಳಲ್ಲ. ಎಸೆಯುತ್ತಾಳೆ. ಸೋಪು, ಬೀಗದ ಕೈ, ಕಿತ್ತಳೆ ಹಣ್ಣು, ಮಡಿಸಿದ ಟವೆಲ್ಲು, ಒಮ್ಮೆ ಮುಚ್ಚಳ ಸರಿಯಾಗಿ ಹಾಕದ ಉಪ್ಪಿನ ಡಬ್ಬಿ, ಎಲ್ಲವೂ ನಮ್ಮ ಮನೆಯಲ್ಲಿ ಗಾಳಿಯಲ್ಲೇ ಓಡಾಡುತ್ತವೆ. ಎಸೆಯುವ ಮೊದಲು "ರೀ!" ಎಂದು ಒಂದು ಸಲ ಕೂಗುತ್ತಾಳೆ. ಅಷ್ಟೇ ಅವಳು ಕೊಡುವ ನೋಟೀಸು. ಮದುವೆಯಾದ ಹೊಸದರಲ್ಲಿ ಹಣೆಗೆ ಪೆಟ್ಟು ತಿಂದು ತಿಂದು ನಾನು ಹಿಡಿಯುವುದನ್ನು ಕಲಿತೆ. ಈಗ ಕತ್ತರಿ ಹಿಡಿದ ಕೈಯಲ್ಲೇ ಬೀಗದ ಕೈಯನ್ನೂ ಹಿಡಿಯಬಲ್ಲೆ. ಇದನ್ನು ನೋಡಿದ ಗಿರಾಕಿಗಳು ಮೂಗಿನ ಮೇಲೆ ಬೆರಳಿಡುತ್ತಾರೆ.

ಅವಳು ಹೆಣ್ಣುಮಕ್ಕಳ ಶಾಲೆಯೊಂದರಲ್ಲಿ ಆಟದ ಟೀಚರು. ಶಾಲೆಯಲ್ಲಿ ಲೆಕ್ಕದ ಮೇಡಂ, ಸೈನ್ಸ್ ಮೇಡಂ, ಚಿತ್ರದ ಮೇಡಂ ಎಂದು ಎಷ್ಟೋ ಜನ ಇದ್ದಾರೆ. ಇವಳು ಮಾತ್ರ ಹಿಂದೆ ಮುಂದೆ ಏನೂ ಇಲ್ಲದ ಬರೀ ಮೇಡಂ. ನಾನು ದರ್ಜಿ. ಮನೆಯ ಕೆಳಗೇ ಅಂಗಡಿ. ಒಳಗಿನ ಮೆಟ್ಟಿಲ ತುದಿಯಲ್ಲಿ ನಿಂತು ಅವಳು ಎಸೆದದ್ದು ನೇರ ನನ್ನ ಕಟಿಂಗ್ ಮೇಜಿಗೆ ಬರುತ್ತದೆ. ಅವಳ ತಾಯಿ, ಅಂದರೆ ನನ್ನ ಅತ್ತೆ, ನಮ್ಮ ಜೊತೆಗೇ ಇದ್ದಾರೆ. ಅವರನ್ನು ಕೇಳಿದರೆ ಮಗಳ ಈ ಬುದ್ಧಿ ಹುಟ್ಟಿನಿಂದ ಬಂದದ್ದು. "ತೊಟ್ಟಿಲಲ್ಲಿ ಮಲಗಿಕೊಂಡೇ ಗಿಲಕಿ ಎಸೀತಿದ್ಲು ಅಳಿಯಂದ್ರೇ, ಅದೂ ಗುರಿ ಇಟ್ಟು!"

ಶಾಲೆಯ ಸಾಫ್ಟ್‌ಬಾಲ್ ತಂಡ ಅಂದರೆ ಅವಳಿಗೆ ಪ್ರಾಣ. ಬಹಳ ವರ್ಷ ಆ ಆಟದ ತಲೆಬುಡ ನನಗೆ ತಿಳಿದಿರಲಿಲ್ಲ. ಹೆಸರು ಕೇಳಿದರೆ ಹತ್ತಿಯ ಉಂಡೆ ಅನ್ನಿಸುತ್ತದೆ, ಮುಟ್ಟಿ ನೋಡಿದರೆ ಕಲ್ಲು. ಕೊನೆಗೆ ಒಂದು ದಿನ ಅವಳು ನನ್ನ ಟೇಪನ್ನೇ ಕಿತ್ತುಕೊಂಡು, ನನ್ನನ್ನೇ ನಿಲ್ಲಿಸಿ, ನನ್ನ ಭಾಷೆಯಲ್ಲೇ ವಿವರಿಸಿದಳು.

"ಮಂಡಿಯಿಂದ ಎದೆ ತನಕ ಎತ್ತರ. ಕಾಲ ಮುಂದೆ ನೆಲದಲ್ಲಿ ಒಂದು ಬಿಳಿ ಪ್ಲೇಟ್ ಇರುತ್ತೆ, ಅದು ಎಷ್ಟು ಅಗಲವೋ ಅಷ್ಟು ಅಗಲ. ಇದು ಅಳತೆ. ಅಳತೆ ಒಳಗೆ ಬಂದ ಚೆಂಡಿಗೆ ಬ್ಯಾಟ್ ಬೀಸಬೇಕು. ಬಿಟ್ರೂ ಸ್ಟ್ರೈಕ್, ಬೀಸಿ ತಪ್ಪಿದ್ರೂ ಸ್ಟ್ರೈಕ್. ಮೂರು ಸ್ಟ್ರೈಕ್ ಆದ್ರೆ ಔಟ್. ಹೊಡೆದು ಓಡಿ, ಮೂರು ಬೇಸು ದಾಟಿ ವಾಪಸ್ ಪ್ಲೇಟಿಗೆ ಬಂದ್ರೆ ಒಂದು ರನ್. ಅಳತೆಗೆ ಬಾರದ್ದನ್ನ ಮುಟ್ಟಬಾರದು. ಅಂಥವು ನಾಲ್ಕು ಬಿಟ್ರೆ ಒಂದನೇ ಬೇಸಿಗೆ ಪುಕ್ಕಟೆ ನಡ್ಕೊಂಡು ಹೋಗ್ಬಹುದು."

"ಅಂದ್ರೆ ಸುಮ್ನೆ ನಿಂತ್ಕೊಂಡಿದ್ದಕ್ಕೂ ಬಹುಮಾನ ಇದೆಯಾ?" ಎಂದೆ. "ನಂಗೆ ಹೇಳಿ ಮಾಡಿಸಿದ ಆಟ ಕಣೇ."

"ಸುಮ್ನೆ ನಿಲ್ಲೋದೇ ಕಷ್ಟ. ನಿಮಗೆಲ್ಲಿ ಗೊತ್ತಾಗುತ್ತೆ," ಎಂದು ಟೇಪನ್ನು ಸುತ್ತಿ ನನ್ನ ಮುಖಕ್ಕೆ ಎಸೆದಳು. ಹಿಡಿದೆ.

ಪಂದ್ಯದ ದಿನ ಬೆಳಿಗ್ಗೆ ಅವಳ ಹುಡುಗಿಯರು ಮೈದಾನದಲ್ಲಿ ಮಾಡುವ ತಯಾರಿಯನ್ನು ನೋಡಬೇಕು. ಮೊದಲು ಮೈದಾನದ ಸುತ್ತ ಓಟ. ಮಾತಾಡಿಕೊಂಡೇ ಓಡಬೇಕು, ಮಾತಾಡಲು ಆಗದಷ್ಟು ಜೋರಾಗಿ ಓಡಿದವಳಿಗೆ ಬೈಗುಳ. ಆಮೇಲೆ ತೋಳು ತಿರುಗಿಸುವುದು, ಸೊಂಟ ಬಳುಕಿಸುವುದು. ಆಮೇಲೆ ಇಬ್ಬಿಬ್ಬರು ಎದುರುಬದುರು ನಿಂತು ಚೆಂಡು ಎಸೆದಾಟ. ಒಂದು ಕ್ಯಾಚು ಹಿಡಿದರೆ ಒಂದು ಹೆಜ್ಜೆ ಹಿಂದೆ. ಎಸೆಯುವ ಮೊದಲು ಎದುರಿನವಳ ಹೆಸರು ಕೂಗಲೇಬೇಕು. ಹೆಸರು ಕೂಗದೆ ಎಸೆದ ಚೆಂಡು ಎಷ್ಟು ನೇರವಾಗಿ ಹೋದರೂ ಇವಳ ಪ್ರಕಾರ ತಪ್ಪು. ನಮ್ಮ ಮನೆಯ "ರೀ!" ಎಲ್ಲಿಂದ ಬಂತೆಂದು ನನಗೆ ಅರ್ಥವಾದದ್ದು ಅಲ್ಲೇ.

ಕೊನೆಗೆ ಬ್ಯಾಟಿಂಗ್. ಚೆಂಡನ್ನು ಇವಳೇ ಎಸೆಯಬೇಕು, ಬೇರೆ ಯಾರಿಗೂ ಬಿಡುವುದಿಲ್ಲ. ಯಾವ ಹುಡುಗಿಗೆ ಎಲ್ಲಿ ಚೆಂಡು ಬಂದರೆ ಕೈ ಬಿಚ್ಚುತ್ತದೆ, ಯಾರಿಗೆ ಎಲ್ಲಿ ಬಂದರೆ ಹೆದರಿಕೆ, ಎಲ್ಲ ಇವಳ ಕೈಗೆ ಗೊತ್ತು. ಅದಕ್ಕೊಂದು ಕಟ್ಟುನಿಟ್ಟಾದ ಪದ್ಧತಿ ಇದೆ. ಒಂದು ಒಳ್ಳೆಯ ಹೊಡೆತ ಬೀಳುವ ತನಕ ಯಾರೂ ಬ್ಯಾಟು ಕೆಳಗಿಡುವಂತಿಲ್ಲ. ಬ್ಯಾಟಿನ ಸರಿಯಾದ ಜಾಗಕ್ಕೆ ಚೆಂಡು ತಾಗಿದಾಗ ಠಣ್ ಎಂದು ಒಂದು ಸದ್ದು ಬರುತ್ತದೆ. ಪ್ರತಿಯೊಬ್ಬಳೂ ಆ ಸದ್ದನ್ನು ಕಿವಿಯಲ್ಲಿ ಇಟ್ಟುಕೊಂಡೇ ಪಂದ್ಯಕ್ಕೆ ಇಳಿಯಬೇಕು. ಅದು ಬರುವ ತನಕ ಇವಳು ಎಸೆಯುತ್ತಲೇ ಇರುತ್ತಾಳೆ. ಬಸ್ಸು ಹೊರಡಲಿ, ಅಂಪೈರ್ ಕೂಗಲಿ, ಇವಳು ಜಗ್ಗುವ ಆಸಾಮಿಯಲ್ಲ.

ಒಂದು ದಿನ ಬೆಳಿಗ್ಗೆ ನನ್ನ ಹೆಂಡತಿ ಮೆಟ್ಟಿಲು ಇಳಿದು ಬಂದು ಬೀಗದ ಕೈಯನ್ನು ನನ್ನ ಕೈಯಲ್ಲಿಟ್ಟಳು.

ನಾನು ಮಷಿನ್ ನಿಲ್ಲಿಸಿದೆ. ಅವಳ ಮುಖ ನೋಡಿದೆ. "ಏನು ಹಾಗೆ ನೋಡ್ತೀರಾ?" ಎಂದಳು. ಮರುದಿನ ಟವೆಲ್ಲನ್ನೂ ಕೈಗೇ ತಂದುಕೊಟ್ಟಳು. ಇಷ್ಟು ವರ್ಷದ ಮೇಲೆ ಹೆಂಡತಿ ಏಕಾಏಕಿ ಮರ್ಯಾದೆ ಕೊಡಲು ಶುರುಮಾಡಿದರೆ ಯಾವ ಗಂಡನಿಗೆ ಭಯವಾಗುವುದಿಲ್ಲ? ಆ ವಾರವೇ ಅವಳು ತನ್ನ ಆಟದ ಅಂಗಿ ತಂದು, "ಬಲಗಡೆ ಕಂಕುಳು ಸ್ವಲ್ಪ ಸಡಿಲ ಮಾಡಿಕೊಡ್ರೀ, ಬಿಗೀತಿದೆ" ಎಂದಳು. ಅಂಗಿಯನ್ನು ಹೊಲಿದವನು ನಾನು. ಎರಡು ಕಡೆಯೂ ಒಂದೇ ಅಳತೆ. ಒಂದು ಕಡೆ ಮಾತ್ರ ಬಿಗಿಯಾಗುವುದು ಅಂಗಿಯ ದೋಷ ಅಲ್ಲ. ಟೇಪು ಹಿಡಿದು ಅವಳ ಬಲತೋಳನ್ನು ಮೆಲ್ಲಗೆ ಮೇಲಕ್ಕೆತ್ತಿದೆ. ಎದೆಯ ಮಟ್ಟಕ್ಕೆ ಬರುವಷ್ಟರಲ್ಲಿ ಅವಳು ಹಲ್ಲು ಕಚ್ಚಿ ಕಣ್ಣು ಮುಚ್ಚಿಕೊಂಡಳು.

ಡಾಕ್ಟರು ನೋಡಿ, ಭುಜದ ಕೀಲು ಸವೆದಿದೆ, ಆ ತೋಳಿಗೆ ಎಸೆಯುವ ಕೆಲಸ ಸಾಕು ಎಂದರು. ಆಸ್ಪತ್ರೆಯ ಮೆಟ್ಟಿಲು ಇಳಿಯುವಾಗಲೇ ಅವಳು ನನ್ನಿಂದ ಮಾತು ತೆಗೆದುಕೊಂಡಳು.

"ಸ್ಕೂಲಲ್ಲಿ ಯಾರಿಗೂ ಗೊತ್ತಾಗಬಾರದು. ಮಕ್ಕಳಿಗಂತೂ ಸುತರಾಂ ಗೊತ್ತಾಗಬಾರದು. ಗೊತ್ತಾದ್ರೆ ನನ್ನ ಹತ್ರ ಚೆಂಡು ಎಸೆಸ್ಕೊಳ್ಳೋಕೆ ಹಿಂಜರೀತಾರೆ. ಆಮೇಲೆ ನಾನ್ಯಾಕೆ ಅಲ್ಲಿ?"

"ಭುಜ ಬೇಕಾ, ಆಟ ಬೇಕಾ?"

"ಬಾಯಿ ಮುಚ್ಕೊಂಡು ಆಟೋ ಕರೀರಿ."

ನಾನು ಬಾಯಿಗೆ ಬೀಗ ಹಾಕಿಕೊಂಡೆ. ಅವಳು ಮೊದಲಿನಂತೆಯೇ ಎಸೆಯಲು ಹೋಗುತ್ತಿದ್ದಳು, ಬಂದು ಬಿಸಿನೀರಿನ ಚೀಲವನ್ನು ಭುಜಕ್ಕಿಟ್ಟುಕೊಂಡು ಕೂರುತ್ತಿದ್ದಳು. ಆ ನೋವು ನನಗೆ ನೋಡಲಾಗುತ್ತಿರಲಿಲ್ಲ. ಅದಕ್ಕೇ ಸುಮ್ಮಸುಮ್ಮನೆ ಮಷಿನ್ನಿನ ಮೇಲೆ ರೇಗುತ್ತಿದ್ದೆ.

ಇದರ ಜೊತೆಗೆ ಇನ್ನೊಂದು ಶುರುವಾಯಿತು. ಅವಳ ತಂಡ ಸೋಲತೊಡಗಿತು. ಸೋಲು ಅವಳಿಗೆ ಹೊಸದಲ್ಲ, ಸೋತ ದಿನವೂ ಹುಡುಗಿಯರ ಜೊತೆ ಹಾಡು ಹೇಳಿಕೊಂಡು ಬಸ್ಸಿನಲ್ಲಿ ಬರುವವಳು ಅವಳು. ಆದರೆ ಈ ಸಲದ ಸೋಲು ಬೇರೆ ತರಹ.

"ಬಂದ ಚೆಂಡಿಗೆಲ್ಲ ಬೀಸ್ತಾರೆ ರೀ," ಎಂದು ತಟ್ಟೆಯ ಮುಂದೆ ಕೂತು ಹೇಳಿದಳು. "ನೆಲಕ್ಕೆ ಬಿದ್ದದ್ದಕ್ಕೂ ಬೀಸ್ತಾರೆ, ತಲೆ ಮೇಲೆ ಹೋದದ್ದಕ್ಕೂ ಬೀಸ್ತಾರೆ. ಹೋದ ವರ್ಷ ಇದೇ ಮಕ್ಕಳು ಎಷ್ಟು ಚೆನ್ನಾಗಿ ಕಾಯ್ತಿದ್ರು! ಪ್ರಾಕ್ಟೀಸಲ್ಲೂ ಅದೇ ಗೋಳು. ಬೈದ್ರೆ ಹೂಂ ಅಂತಾರೆ, ಮತ್ತೆ ಹಾಗೇ ಮಾಡ್ತಾರೆ. ನನ್ನ ಮಾತು ಅವರಿಗೆ ಹತ್ತುತ್ತಾ ಇಲ್ಲ."

"ಮಕ್ಕಳಲ್ವಾ ಕಣೇ, ದಾರಿಗೆ ಬರ್ತಾರೆ."

"ನನಗೆ ವಯಸ್ಸಾಯ್ತು ರೀ. ಇನ್ನು ಒಂದೇ ಪಂದ್ಯ ಇರೋದು ಈ ವರ್ಷಕ್ಕೆ. ಅದರಲ್ಲೂ ಹೀಗೇ ಆಡಿದ್ರೆ, ತಂಡಕ್ಕೆ ಬೇರೆಯವರನ್ನ ನೋಡ್ಕೊಳ್ಳಿ ಅಂತ ಹೆಡ್ ಮೇಡಂಗೆ ಹೇಳಿಬಿಡ್ತೀನಿ. ಬೆಳಿಗ್ಗೆ ಸಾಲು ನಿಲ್ಲಿಸೋದು, ಸೀಟಿ ಊದೋದು, ಅಷ್ಟು ಮಾಡ್ಕೊಂಡು ಇರ್ತೀನಿ."

ಕೋಪದಲ್ಲಿ ಹೇಳಿದ್ದರೆ ನಾನು ಲೆಕ್ಕಕ್ಕೆ ತೆಗೆದುಕೊಳ್ಳುತ್ತಿರಲಿಲ್ಲ. ತಣ್ಣಗೆ ಹೇಳಿದಳು, ಹೇಳಿ ತಟ್ಟೆ ತೊಳೆಯಲು ಎದ್ದಳು. ಆಟವಿಲ್ಲದ ನನ್ನ ಹೆಂಡತಿಯನ್ನು ಕಲ್ಪಿಸಿಕೊಳ್ಳಲು ನೋಡಿದೆ, ಆಗಲಿಲ್ಲ.

ಕೊನೆಯ ಪಂದ್ಯಕ್ಕೆ ಹೊಸ ಅಂಗಿ ಹೊಲಿಯುವ ಕೆಲಸ ನನ್ನದೇ. ಅಳತೆ ನೋಡಿಸಿಕೊಳ್ಳಲು ಹುಡುಗಿಯರು ಸಂಜೆ ಅಂಗಡಿಗೆ ಬಂದರು. ಅಂಗಡಿಯ ತುಂಬ ಬೆವರಿನ ವಾಸನೆ, ಶೂಗಳ ಮಣ್ಣು, ಕಚಪಚ ಮಾತು. ಬ್ಯಾಟಿನವಳ ಹಿಂದೆ ಕೂತು ಚೆಂಡು ಹಿಡಿಯುವ ಕ್ಯಾಚರ್ ಒಬ್ಬಳಿದ್ದಾಳೆ, ಅವಳು ಪಿಸುಗುಟ್ಟಿದರೂ ಪಕ್ಕದ ಬೀದಿಗೆ ಕೇಳಿಸುತ್ತದೆ. ಅವಳಿಗೆ ಗುಡುಗು ಎಂದು ಹೆಸರಿಟ್ಟವಳು ನನ್ನ ಹೆಂಡತಿಯೇ. ಇನ್ನೊಬ್ಬಳು ಗುಬ್ಬಿ, ತಂಡದಲ್ಲೇ ಚಿಕ್ಕವಳು. ಬ್ಯಾಟು ಹಿಡಿದರೆ ಯಾರು ಯಾರನ್ನು ಹಿಡಿದುಕೊಂಡಿದ್ದಾರೆಂದು ಅನುಮಾನ ಬರುತ್ತದೆ. ಪರದೆಯ ಹಿಂದೆ ಅಂಗಿ ಹಾಕಿ ನೋಡುತ್ತ ಗುಡುಗು ತನ್ನ ಪಿಸುಮಾತಿನಲ್ಲಿ ಹೇಳಿದ್ದು ನನಗೆ ಸ್ಪಷ್ಟವಾಗಿ ಕೇಳಿಸಿತು.

"ಗುಬ್ಬಿ, ಇವತ್ತು ಯಾಕೆ ಅಷ್ಟು ಚೆಂಡು ಬಿಟ್ಟೆ ನೀನು? ನಿನ್ನಿಂದ ಮೇಡಂ ಎಷ್ಟು ಸಲ ಎಸೀಬೇಕಾಯ್ತು ನೋಡಿದ್ಯಾ?"

"ತುಂಬಾ ದೂರ ಇತ್ತು ಕಣೇ..."

"ದೂರ ಇದ್ರೇನು? ಎಟುಕಿಸ್ಕೊಂಡು ಹೊಡಿ. ಬಂದದ್ದನ್ನ ಬಂದ ಹಾಗೆ ಹೊಡೀಬೇಕು ಅಂತ ಮಾತಾಡ್ಕೊಂಡಿಲ್ವಾ? ಬೇಗ ಹೊಡೆದ್ರೆ ಬೇಗ ಮುಗಿಯುತ್ತೆ. ಅವರ ಕೈಗೆ ಎಷ್ಟು ನೋವಾಗುತ್ತೆ ಗೊತ್ತಿಲ್ವಾ ನಿಂಗೆ?"

ನಾನು ಪರದೆ ಸರಿಸಿಬಿಟ್ಟೆ. ಅದೃಷ್ಟಕ್ಕೆ ಇಬ್ಬರೂ ಸಮವಸ್ತ್ರದ ಮೇಲೇ ಅಂಗಿ ಹಾಕಿಕೊಂಡಿದ್ದರು. ಕಕ್ಕಾಬಿಕ್ಕಿಯಾಗಿ ನನ್ನನ್ನೇ ನೋಡಿದರು.

"ಅಂಕಲ್, ಮೇಡಂಗೆ ಹೇಳ್ಬೇಡಿ," ಎಂದಳು ಗುಬ್ಬಿ. ಅವಳ ಕಣ್ಣಲ್ಲಿ ಆಗಲೇ ನೀರು. "ನಾನೇ ಮೊದಲು ನೋಡಿದ್ದು. ಸಾಮಾನಿನ ರೂಮಲ್ಲಿ ಮೇಡಂ ಒಂದೇ ಕೈಲಿ ಸ್ವೆಟರ್ ಹಾಕ್ಕೊಳ್ಳೋಕೆ ಒದ್ದಾಡ್ತಿದ್ರು. ಅಳ್ತಿದ್ರು ಅಂಕಲ್. ನಮಗೆ ಗೊತ್ತು ಅಂತ ಗೊತ್ತಾದ್ರೆ ಅವರಿಗೆ ಬೇಜಾರಾಗುತ್ತೆ."

"ಪ್ರಾಮಿಸ್ ಮಾಡಿ ಅಂಕಲ್," ಎಂದಳು ಗುಡುಗು, ಇಡೀ ಬೀದಿಗೆ ಕೇಳಿಸುವಂತೆ.

ನಾನು ಬೆಪ್ಪನ ಹಾಗೆ ಆಗಲಿ ಎಂದೆ. ಆಮೇಲೆ ಅಡಕತ್ತರಿಯಲ್ಲಿ ಸಿಕ್ಕಿದ್ದೇನೆಂದು ಗೊತ್ತಾಯಿತು. ಮೇಡಮ್ಮಿನ ಗುಟ್ಟು ಮಕ್ಕಳಿಗೆ ಹೇಳಬಾರದು, ಮಕ್ಕಳ ಗುಟ್ಟು ಮೇಡಮ್ಮಿಗೆ ಹೇಳಬಾರದು. ಎರಡೂ ನನ್ನ ಹೊಟ್ಟೆಯಲ್ಲಿ. ಆ ಮಕ್ಕಳ ಮೇಲೆ ಉಕ್ಕಿದ ಪ್ರೀತಿಗೆ ಅಂದು ಎಲ್ಲರ ಅಂಗಿಗೂ ಕಾಲರಿನ ಒಳಗೆ ಎರಡನೇ ಹೊಲಿಗೆ ಹಾಕಿದೆ.

ಇಲ್ಲಿ ನನ್ನ ದಡ್ಡತನವನ್ನೂ ಹೇಳಬೇಕು. ಗುಟ್ಟು ಎರಡಾದರೂ ಗಂಟು ಒಂದೇ ಎಂಬುದು ಆಗಲೂ ನನಗೆ ಹೊಳೆಯಲಿಲ್ಲ. ಪ್ರಾಕ್ಟೀಸು ಬೇರೆ, ಪಂದ್ಯ ಬೇರೆ ಎಂದುಕೊಂಡಿದ್ದೆ. ಎರಡು ದಿನ ಬಿಟ್ಟು ಹೊಲಿದ ಅಂಗಿಗಳ ಗಂಟು ಹೊತ್ತು ಶಾಲೆಯ ಮೈದಾನಕ್ಕೆ ಹೋದೆ. ಪ್ರಾಕ್ಟೀಸು ನಡೆದಿತ್ತು. ಅವಳ ಸವೆದ ತೋಳಿನಿಂದ ಚೆಂಡು ಒಂದು ಅತ್ತ, ಒಂದು ಇತ್ತ ಹೋಗುತ್ತಿತ್ತು. ಹುಡುಗಿಯರು ಬಗ್ಗಿ, ಎಗರಿ, ಒಂದೇ ಕಾಲ ಮೇಲೆ ನಿಂತು, ಏನಾದರೂ ಮಾಡಿ ಅದನ್ನು ಹೊಡೆದು "ಆಯ್ತು ಮೇಡಂ, ಚೆನ್ನಾಗಿ ಬಿತ್ತು!" ಎಂದು ಬ್ಯಾಟು ಕೆಳಗಿಟ್ಟು ಓಡುತ್ತಿದ್ದರು. ದಿನವೂ ಹೀಗೆ ಪಳಗಿದ ಕೈ ಪಂದ್ಯದ ದಿನ ಸುಮ್ಮನಿರು ಎಂದರೆ ಇರುತ್ತದೆಯೇ? ಮಾಮೂಲಾಗಿ ಓರೆ ಕತ್ತರಿಸುವವನ ಕೈಗೆ ರೇಷ್ಮೆ ಕೊಟ್ಟರೂ ಅವನು ಓರೆಯೇ ಕತ್ತರಿಸುತ್ತಾನೆ. ಅವಳ ತೋಳು ಉಳಿಸಲು ಹೋಗಿ ಈ ಮಕ್ಕಳು ಅವಳ ಆಟವನ್ನೇ ಕಳೆಯುತ್ತಿದ್ದರು. ಅವರ ಮುಂದೆ ನೋವು ಮುಚ್ಚಿಡಲು ಹೋಗಿ ಅವಳೇ ಆ ಕೆಟ್ಟ ಚಾಳಿಯನ್ನು ಅವರಿಗೆ ಕಲಿಸುತ್ತಿದ್ದಳು. ಅಂಗಿಗಳ ಗಂಟು ಹಿಡಿದುಕೊಂಡೇ ನಿಂತುಬಿಟ್ಟೆ.

ಮನೆಗೆ ಬಂದು ಅತ್ತೆಯ ಮುಂದೆ ಎಲ್ಲ ಕಕ್ಕಿದೆ. ಅವರಿಗೆ ನಾನು ಯಾವ ಮಾತೂ ಕೊಟ್ಟಿರಲಿಲ್ಲ, ಅವರಿಂದ ಬಚ್ಚಿಡುವ ಹಂಗೂ ಇರಲಿಲ್ಲ. ಅತ್ತೆ ಬಟಾಣಿ ಸುಲಿಯುತ್ತ ಕೇಳಿಸಿಕೊಂಡರು.

"ಅಳಿಯಂದ್ರೇ, ನೀವು ಸುಮ್ನೆ ಇದ್ರೆ ಯಾರಿಗೆ ಲಾಭ?"

"ಯಾರಿಗೂ ಇಲ್ಲ ಅತ್ತೆ."

"ಹೇಳಿದ್ರೆ ಯಾರಿಗೆ ನಷ್ಟ?"

"ನನಗೆ. ಬೈಗುಳ ತಿನ್ನೋನು ನಾನೇ."

"ಹಾಗಾದ್ರೆ ತಿನ್ನಿ," ಎಂದರು ಅತ್ತೆ. "ಹೊಸದಾ ನಿಮಗೆ?"

ಅಂದು ಊಟವಾದ ಮೇಲೆ ಹೇಳಿದೆ. ಸಾಮಾನಿನ ರೂಮು, ಸ್ವೆಟರು, ಪರದೆ, ಪ್ರಾಮಿಸ್, ಒಂದೂ ಬಿಡದೆ ಹೇಳಿದೆ. ಅವಳು ಬಿಸಿನೀರಿನ ಚೀಲವನ್ನು ಭುಜದಿಂದ ತೆಗೆದು ಮಡಿಲಲ್ಲಿಟ್ಟುಕೊಂಡಳು. ಅವಳ ಪಿತ್ತ ನೆತ್ತಿಗೇರುತ್ತದೆ ಎಂದು ನಾನು ಚೀಲವನ್ನು ಹಿಡಿಯಲು ಕೈ ಸಿದ್ಧಮಾಡಿಕೊಂಡೇ ಕೂತಿದ್ದೆ. ಅವಳು ಎಸೆಯಲಿಲ್ಲ.

"ನನಗೋಸ್ಕರ ಬೀಸ್ತಿದ್ರಾ?" ಎಂದಳು. "ನಾನು ಅಷ್ಟು ಬೈದ್ನಲ್ರೀ. ಗುಬ್ಬಿಗೆ ಕಣ್ಣು ಕಾಣಲ್ವಾ ಅಂತ ಕೂಡ ಕೇಳಿದೆ. ತುಟಿ ಪಿಟಕ್ ಅನ್ನಲಿಲ್ಲ ಅವಳು."

ಆಮೇಲೆ ಅತ್ತಳು. ಮದುವೆಯಾದಾಗಿನಿಂದ ಅವಳು ಅತ್ತದ್ದನ್ನು ನಾನು ನೋಡಿದ್ದು ಕಡಿಮೆ. ಏನು ಮಾಡಬೇಕೆಂದು ತಿಳಿಯದೆ ತಣ್ಣಗಾದ ಚೀಲಕ್ಕೆ ಮತ್ತೆ ಬಿಸಿನೀರು ತುಂಬಿ ತಂದೆ.

ಪಂದ್ಯದ ದಿನ ನಾನು ಅಂಗಡಿಗೆ ಬೀಗ ಹಾಕಿ ಹೋದೆ. ಒಬ್ಬ ಗಿರಾಕಿಯ ಕೋಟು ಅಂದೇ ಕೊಡಬೇಕಿತ್ತು. ಕಾಯಲಿ ಎಂದುಕೊಂಡೆ. ಹುಡುಗಿಯರ ಓಟ ಮುಗಿದಿತ್ತು. ಹೆಸರು ಕೂಗಿ ಎಸೆಯುವುದೂ ಮುಗಿದು ಬ್ಯಾಟಿಂಗಿಗೆ ಸಾಲು ನಿಂತಿದ್ದರು. ಇವಳು ಚೆಂಡಿನ ಬುಟ್ಟಿಯ ಪಕ್ಕ ಹೋಗಿ ನಿಂತಳು. ಆದರೆ ಚೆಂಡು ತೆಗೆದುಕೊಳ್ಳಲಿಲ್ಲ.

"ಎಲ್ರೂ ಇಲ್ಲಿ ನೋಡಿ," ಎಂದು ಬಲತೋಳನ್ನು ಮೇಲಕ್ಕೆತ್ತಿದಳು. ಅದು ಎದೆಯ ಮಟ್ಟಕ್ಕೆ ಬಂದು ನಿಂತಿತು. "ಇಷ್ಟೇ ಬರೋದು. ಇದಕ್ಕಿಂತ ಮೇಲೆ ಬರಲ್ಲ. ನಿಮಗೆ ಗೊತ್ತು ಅಂತ ನನಗೂ ಗೊತ್ತಾಯ್ತು."

ಗುಡುಗು ತಿರುಗಿ ನನ್ನನ್ನು ಸುಟ್ಟುಬಿಡುವಂತೆ ನೋಡಿದಳು. ನಾನು ಆಕಾಶ ನೋಡಿದೆ.

"ನೀವು ಮಾಡಿದ್ದು ಪ್ರೀತಿಯಿಂದ. ಅದಕ್ಕೆ ಬೈಯಲ್ಲ, ಬೈದಿದ್ದಕ್ಕೆ ನನಗೇ ನಾಚಿಕೆ. ಆದ್ರೆ ಇವತ್ತಿಂದ ಆ ಅವಸರ ಬೇಡ. ಇವತ್ತು ಗುಡುಗು ಎಸೀತಾಳೆ. ಮೊದಲನೇ ಸುತ್ತಲ್ಲಿ ಯಾರೂ ಬ್ಯಾಟ್ ಬೀಸಬಾರದು. ನಿಂತ್ಕೊಂಡು ನೋಡ್ಬೇಕು. ಅಳತೆಗೆ ಬಂದ್ರೆ 'ಬೇಕು' ಅನ್ನಿ, ಬರದಿದ್ರೆ 'ಬೇಡ' ಅನ್ನಿ. ಬಾಯಿ ಬಿಟ್ಟು ಹೇಳ್ಬೇಕು, ನನಗೆ ಕೇಳಿಸ್ಬೇಕು."

ಎದುರು ತಂಡದವರು ನಗುತ್ತ ನಿಂತು ನೋಡಿದರು. ನಗದೆ ಇನ್ನೇನು? ಬ್ಯಾಟಿಂಗ್ ಅಭ್ಯಾಸ ಎಂದು ಹುಡುಗಿಯರು ಒಬ್ಬೊಬ್ಬರಾಗಿ ಬಂದು ಬ್ಯಾಟು ಹಿಡಿದು, ತರಕಾರಿ ಕೊಳ್ಳುವವರಂತೆ "ಬೇಡ, ಬೇಡ, ಬೇಕು" ಎನ್ನುತ್ತಿದ್ದರು. ಎರಡನೇ ಸುತ್ತಿನಲ್ಲಿ ಹೊಡೆದರು. ಒಬ್ಬೊಬ್ಬರಿಗೂ ಠಣ್ ಎಂಬ ಸದ್ದು ಸಿಕ್ಕಿತು, ನಡುವೆ ಇನ್ನೊಬ್ಬಳು ಎಸೆದು ಗುಡುಗಿಗೂ ಸಿಕ್ಕಿತು. ಸಾಲಿನ ಕೊನೆಯಲ್ಲಿದ್ದ ಗುಬ್ಬಿ ಒಂದು ಚೆಂಡನ್ನು ಬೇಡ ಎಂದು ಬಿಟ್ಟಳು, ಇನ್ನೊಂದನ್ನು ಬಿಟ್ಟಳು. ಅಷ್ಟರಲ್ಲಿ ಅಂಪೈರ್ ಬಂದು, ಹೊತ್ತಾಯಿತು, ಮೈದಾನ ಬಿಡಿ ಎಂದರು. ಇವಳು ವಾದಕ್ಕೆ ನಿಂತಳು. ಗುಬ್ಬಿಯೇ, "ಪರವಾಗಿಲ್ಲ ಮೇಡಂ, ಆಮೇಲೆ" ಎಂದು ಬ್ಯಾಟು ಕೆಳಗಿಟ್ಟಳು. ಆ ಸದ್ದು ಕಿವಿಯಲ್ಲಿಲ್ಲದೆ ಪಂದ್ಯಕ್ಕೆ ಇಳಿದವಳು ಅವಳೊಬ್ಬಳೇ.

ಎದುರು ತಂಡದ ಪಿಚರ್ ಎತ್ತರದ ಹುಡುಗಿ. ಅವಳ ಕೈಯಿಂದ ಹೊರಟ ಚೆಂಡು ನನಗೆ ಕಾಣಿಸುತ್ತಲೇ ಇರಲಿಲ್ಲ, ಗ್ಲೌಸಿಗೆ ಬಿದ್ದ ಸದ್ದು ಮಾತ್ರ ಕೇಳಿಸುತ್ತಿತ್ತು. ನಮ್ಮವರು ಮೊದಮೊದಲು ಹಳೆಯ ಚಾಳಿಯಲ್ಲಿ ಬೀಸಿದರು, ಔಟಾದರು. ಆಮೇಲೆ ಒಬ್ಬಳ ತುಟಿ ಅಲುಗಿದ್ದು ಕಂಡಿತು. ಬೇಡ. ಬ್ಯಾಟು ಹೆಗಲ ಮೇಲೇ ಉಳಿಯಿತು. ಮುಂದಿನವಳದೂ ಅಲುಗಿತು. ಇವಳು ಗೆರೆಯಾಚೆ ನಿಂತು ಬಲತೋಳನ್ನು ಎಡಗೈಯಲ್ಲಿ ಹಿಡಿದುಕೊಂಡು ತಾನೂ ತುಟಿ ಅಲುಗಿಸುತ್ತಿದ್ದಳು. ನಾನೂ ಅಲುಗಿಸುತ್ತಿದ್ದೆನಂತೆ. ಪಕ್ಕದಲ್ಲಿದ್ದ ಹೆಡ್ ಮೇಡಂ ಆಮೇಲೆ ಹೇಳಿದರು.

ಕೊನೆಯ ಸರದಿಗೆ ಬರುವ ಹೊತ್ತಿಗೆ ಎರಡೂ ತಂಡ ಸಮ. ನಮ್ಮವರು ಇಬ್ಬರು ಔಟು, ಮೂರನೆಯವಳೂ ಔಟಾದರೆ ಸರದಿ ಮುಗಿಯಿತು. ಮೂರೂ ಬೇಸಿನಲ್ಲಿ ನಮ್ಮ ಹುಡುಗಿಯರು. ಇನ್ನೊಬ್ಬಳು ಹೇಗಾದರೂ ಮಾಡಿ ಒಂದನೇ ಬೇಸು ಸೇರಿದರೆ ಮುಂದಿದ್ದವರೆಲ್ಲ ಒಂದೊಂದು ಬೇಸು ಮುಂದೆ ಸರಿಯುತ್ತಾರೆ, ಮೂರನೆಯದರಲ್ಲಿ ನಿಂತ ಗುಡುಗು ಪ್ಲೇಟಿಗೆ ಓಡಿ ಬರುತ್ತಾಳೆ, ನಾವು ಗೆದ್ದಂತೆ. ಬ್ಯಾಟು ಎಳೆದುಕೊಂಡು ಬಂದವಳು ಗುಬ್ಬಿ. ತಂಡದಲ್ಲೆಲ್ಲ ಹೆಚ್ಚು ಬೀಸಿದವಳು, ಹೆಚ್ಚು ಬೈಸಿಕೊಂಡವಳು ಅವಳೇ.

ಮೊದಲ ಚೆಂಡು ದೂರ ಹೋಯಿತು. ಗುಬ್ಬಿ ಅಲುಗಲಿಲ್ಲ. ಎರಡನೆಯದು ನೆಟ್ಟಗೆ ಬಂತು, ಬೀಸಿದಳು, ತಪ್ಪಿತು. ಮುಂದಿನದು ಪಾದದ ಹತ್ತಿರ, ಬಿಟ್ಟಳು. ಇನ್ನೊಂದು ತಲೆಯ ಮೇಲೆ, ಬಿಟ್ಟಳು. ಆಮೇಲೆ ಮತ್ತೆ ನೆಟ್ಟಗೆ ಬಂದದ್ದಕ್ಕೆ ಬೀಸಿದಳು, ಅದೂ ತಪ್ಪಿತು. ಬಿಟ್ಟದ್ದು ಮೂರು, ಸ್ಟ್ರೈಕ್ ಎರಡು, ಉಳಿದದ್ದು ಒಂದೇ ಚೆಂಡು. ಇವಳು ಸೀಟಿಯನ್ನು ಹಲ್ಲಲ್ಲಿ ಕಚ್ಚಿ ಹಿಡಿದಿದ್ದಳು.

ಕೊನೆಯ ಚೆಂಡು ಅಳತೆಯ ಅಂಚಿನಲ್ಲೇ ಬಂತು, ಅಥವಾ ನನಗೆ ಹಾಗೆ ಕಂಡಿತು. ಹೊಡಿ ಎಂದು ಕೂಗಿಬಿಡುತ್ತಿದ್ದೆ. ಅವಳ ತುಟಿ ಅಲುಗಿತು, ಬ್ಯಾಟು ಅಲುಗಲಿಲ್ಲ. ಚೆಂಡು ಗ್ಲೌಸಿಗೆ ಬಿತ್ತು. ಅಂಪೈರ್ ಒಂದನೇ ಬೇಸಿನ ಕಡೆಗೆ ಕೈ ತೋರಿಸಿದರು.

ಗುಡುಗು ಕಿರುಚಿಕೊಂಡು ಓಡಿ ಬಂದದ್ದು ಪಕ್ಕದ ಬೀದಿಗೆ ಕೇಳಿಸಿರಬೇಕು. ಹುಡುಗಿಯರೆಲ್ಲ ಗುಬ್ಬಿಯನ್ನು ಎತ್ತಿಕೊಂಡು ಕುಣಿದರು. ಗುಬ್ಬಿ ಮಾತ್ರ ಕೆಳಗಿಳಿದು ಇವಳ ಹತ್ತಿರ ಬಂದು ಅಳುಮೋರೆ ಮಾಡಿದಳು.

"ನಾನು ಹೊಡೀಲೇ ಇಲ್ಲ ಮೇಡಂ."

"ಹೊಡೀದೆ ನಿಂತ್ಯಲ್ಲ, ನನ್ನ ಚಿನ್ನ. ಅದಕ್ಕಿಂತ ಕಷ್ಟದ್ದು ಈ ಆಟದಲ್ಲಿ ಇಲ್ಲ." ಇವಳು ಎಡಗೈಯಿಂದ ಅವಳ ತಲೆ ಸವರಿದಳು. ಸವರಿದವಳು ತಟ್ಟನೆ ನಿಲ್ಲಿಸಿದಳು. "ಅಯ್ಯೋ, ಬೆಳಿಗ್ಗೆ ನಿಂಗೆ ಒಂದು ಒಳ್ಳೇ ಹೊಡೆತ ಬೀಳಲೇ ಇಲ್ಲ ಅಲ್ವಾ? ಹಾಗೇ ಮನೆಗೆ ಹೋಗ್ತೀಯಾ? ಹಿಡಿ ಬ್ಯಾಟು."

"ಮೇಡಂ, ಕೈ..." ಎಂದಳು ಗುಡುಗು.

"ಈ ಕೈ ಇದೆಯಲ್ಲ," ಎಂದು ಇವಳು ಎಡಗೈಯಲ್ಲಿ ಚೆಂಡು ತೆಗೆದುಕೊಂಡಳು. "ಇನ್ನೂ ಹೊಸದು, ಪೆಟ್ಟಿಗೆಯಿಂದ ತೆಗೆದೇ ಇಲ್ಲ. ಮುಂದಿನ ವರ್ಷದ ಹೊತ್ತಿಗೆ ಪಳಗುತ್ತೆ."

ಮುಂದಿನ ವರ್ಷ ಎಂದಳು. ಪಕ್ಕದಲ್ಲೇ ನಿಂತಿದ್ದ ಹೆಡ್ ಮೇಡಂಗೆ ಅದೊಂದು ಮಾತು, ಅಷ್ಟೇ. ತಂಡ ಬಿಡುವ ಮಾತು ಅಲ್ಲಿ ಗೊತ್ತಿದ್ದವನು ನಾನೊಬ್ಬನೇ.

ಮೊದಲ ಚೆಂಡು ಗುಬ್ಬಿಯ ಹತ್ತಿರಕ್ಕೂ ಹೋಗದೆ ನೀರಿನ ಕ್ಯಾನಿಗೆ ಬಡಿಯಿತು. "ಬೇಡ!" ಎಂದು ಇಡೀ ತಂಡ ಕೂಗಿತು. ಎರಡನೆಯದು ಇವಳ ಹಿಂದಕ್ಕೇ ಹೋಯಿತು. "ಬೇಡ!" ಇವಳು ನಕ್ಕು ಕುಸಿದು, ಎದ್ದು, ಮತ್ತೆ ಎಸೆದಳು. ಹುಡುಗಿಯರು ಶೂ ಬಿಚ್ಚಿ ಹುಲ್ಲಿನ ಮೇಲೆ ಆರಾಮಾಗಿ ಕೂತರು. ದೂರ ಹೋದ ಚೆಂಡನ್ನು ಸರದಿಯಲ್ಲಿ ಎದ್ದು ಹೋಗಿ ತಂದುಕೊಟ್ಟರು. ಬಸ್ಸಿನವನು ಹಾರ್ನ್ ಹೊಡೆದ, ಯಾರೂ ಏಳಲಿಲ್ಲ. ನನ್ನ ಜೇಬಿನಲ್ಲಿ ಫೋನು ಕೂಗಿತು, ಕೋಟಿನ ಗಿರಾಕಿ ಇರಬೇಕು. ಕೂಗಲಿ ಎಂದು ನಾನೂ ಹೋಗಿ ಅವರ ಸಾಲಿನ ತುದಿಯಲ್ಲಿ ಕೂತೆ.

ಗುಬ್ಬಿ ಬ್ಯಾಟು ಹಿಡಿದು ನಿಂತೇ ಇದ್ದಳು. ಎಟುಕಿಸಿಕೊಂಡು ಹೊಡೆಯಬಹುದಾದ ಚೆಂಡು ಎಷ್ಟೋ ಬಂದವು. ಅವಳು ಒಂದಕ್ಕೂ ಬೀಸಲಿಲ್ಲ. ಮೇಡಂ ಎಸೆಯುತ್ತಿದ್ದಳು, ಅವಳು ಕಾಯುತ್ತಿದ್ದಳು. ಯಾರಿಗೂ ಅವಸರವಿರಲಿಲ್ಲ.